ಈ ಸೆಂಟು ಯಾರದ್ದು, ಯಾವಾಗಿನದ್ದು? ಕಂಪನಿಯವರನ್ನೇ ಕೇಳಿ ತಿಳಿಯುವ ಬಗೆ

ಮುಂಬೈಯ ಕನ್ನಡದ ಮನೆಗಳಿಗೆ ಸೆಂಟು ಹೆಚ್ಚಾಗಿ ಮೂರು ದಾರಿಯಲ್ಲಿ ಬರುತ್ತದೆ. ದುಬೈ, ಮಸ್ಕತ್‌ನಿಂದ ಬರುವ ಮಾವನ ಬ್ಯಾಗಿನಲ್ಲಿ ಒಂದು. ಕ್ರಾಫರ್ಡ್ ಮಾರ್ಕೆಟ್ ಸುತ್ತಮುತ್ತ ಚೌಕಾಸಿ ಮಾಡಿ ತಂದದ್ದು ಇನ್ನೊಂದು. ಅರ್ಧ ಬೆಲೆ ಅಂತ ಆನ್‌ಲೈನ್‌ನಲ್ಲಿ ನೋಡಿ, ತಡೆಯಲಾಗದೆ ತರಿಸಿದ್ದು ಮತ್ತೊಂದು. ಯಾವುದೇ ಬಂದರೂ ಪ್ರಶ್ನೆಗಳು ಮಾತ್ರ ಅವೇ. ಇದು ಅಸಲಿಯಾ? ಯಾವ ವರ್ಷದ್ದು? ಮೊದಲಿದ್ದ ವಾಸನೆ ಈಗ ಯಾಕಿಲ್ಲ? ಮಾಡಿದವರು ಯಾರು?

ಇಂಟರ್ನೆಟ್‌ನಲ್ಲಿ ಹುಡುಕಿದರೆ ಒಂದು ಪ್ರಶ್ನೆಗೆ ನಾಲ್ಕು ಉತ್ತರ ಸಿಗುತ್ತವೆ. ಎಲ್ಲಿಂದ ಬಂತು ಅಂತ ಒಂದರಲ್ಲೂ ಬರೆದಿರುವುದಿಲ್ಲ. ಕಂಪನಿಗೇ ಬರೆದು ಕೇಳುವುದು ವಾಸಿ. ಆದರೆ ಸೆಂಟಿನ ಕಂಪನಿಗಳು ಬಾಯಿ ಬಿಡುವುದು ಕಡಿಮೆ. "ಈ ಸೆಂಟಿನ ಬಗ್ಗೆ ಎಲ್ಲ ತಿಳಿಸಿ" ಅಂದರೆ ಏನೂ ತಿಳಿಸುವುದಿಲ್ಲ. ಒಂದು ಸಾಲಿನಲ್ಲಿ ಉತ್ತರಿಸಬಹುದಾದ ಪ್ರಶ್ನೆಯನ್ನು, ಉತ್ತರ ಗೊತ್ತಿರುವವರಿಗೆ ಕಳಿಸಿದರೆ ಹೇಳುತ್ತಾರೆ.

ಕೇಳಬಹುದಾದದ್ದು, ಕೇಳಿ ಪ್ರಯೋಜನವಿಲ್ಲದ್ದು

ಮೊದಲು ಒಂದು ಭ್ರಮೆ ಬಿಡಬೇಕು. ಜಾಹೀರಾತಿನಲ್ಲಿ ಬರುವ ಟಾಪ್ ನೋಟ್, ಮಿಡಲ್ ನೋಟ್, ಬೇಸ್ ನೋಟ್ (ಹಚ್ಚಿದ ಕೂಡಲೇ, ಸ್ವಲ್ಪ ಹೊತ್ತಿಗೆ, ಕೊನೆಗೆ ಬರುವ ವಾಸನೆಗಳು) ಪಟ್ಟಿ ಬಾಟಲಿಯೊಳಗಿನ ಸಾಮಗ್ರಿಯ ಪಟ್ಟಿ ಅಲ್ಲ. ಮಾಟುಂಗದ ಹೋಟೆಲಿನ ಹೊರಗೆ ತೂಗುಹಾಕಿದ ಬೋರ್ಡಿನ ಹಾಗೆ ಅದು. ಒಳಗೆ ಏನು ಸಿಗುತ್ತದೆ ಅಂತ ಹೇಳುತ್ತದೆ, ಹೇಗೆ ಮಾಡಿದರು ಅಂತ ಹೇಳುವುದಿಲ್ಲ. "ಲಿಲಿ ಆಫ್ ದ ವ್ಯಾಲಿ" ಎಂಬ ಹೂವನ್ನೇ ನೋಡಿ. ಅದೆಷ್ಟೋ ಸೆಂಟುಗಳ ಪಟ್ಟಿಯಲ್ಲಿ ಅದು ಇದೆ. ಆದರೆ ಆ ಹೂವಿನಿಂದ ಸೆಂಟಿಗೆ ಬೇಕಾದಷ್ಟು ಎಣ್ಣೆ ತೆಗೆಯಲು ಆಗುವುದಿಲ್ಲ. ಅದರ ವಾಸನೆಯನ್ನು ರಾಸಾಯನಿಕಗಳಿಂದಲೇ ಕಟ್ಟುತ್ತಾರೆ. ಹಾಗಾಗಿ "ಇದರಲ್ಲಿ ನಿಜವಾದ ಲಿಲಿ ಎಷ್ಟು ಪರ್ಸೆಂಟ್?" ಅಂತ ಕೇಳಿದರೆ ಉತ್ತರ ಬರುವುದಿಲ್ಲ.

ಫಾರ್ಮುಲಾ ಕೇಳಬೇಡಿ. ಅದು ವ್ಯಾಪಾರದ ಗುಟ್ಟು, ಯಾರೂ ಕೊಡುವುದಿಲ್ಲ. ಡಬ್ಬಿಯ ಮೇಲೆ ಕೂಡ ಇಡೀ ಸುಗಂಧ ಮಿಶ್ರಣಕ್ಕೆ "ಪರ್ಫಮ್" ಅಂತ ಒಂದೇ ಪದ ಬರೆದರೆ ಯುರೋಪಿನ ಕಾನೂನಿಗೆ ಸಾಕು. ಜೊತೆಗೆ ಅಲರ್ಜಿ ತರಬಹುದಾದ ಕೆಲವನ್ನು ಹೆಸರಿಸಬೇಕು, ಅಷ್ಟೇ.

ಹಾಗಾದರೆ ಏನು ಕೇಳಬಹುದು? ಮೊದಲು ಮಾರುಕಟ್ಟೆಗೆ ಬಂದ ವರ್ಷ, ಮಾಡಿದ ಪರ್ಫ್ಯೂಮರ್ (ವಾಸನೆಯ ಮಿಶ್ರಣ ಕಟ್ಟುವವರು) ಹೆಸರು, ಈಗಲೂ ತಯಾರಾಗುತ್ತಿದೆಯೇ, 30 ಮಿಲಿ ಬಾಟಲಿ ಎಂದಾದರೂ ಇತ್ತೇ, ಈ ಬ್ಯಾಚ್ ನಂಬರ್ (ಒಂದೇ ಸಲಕ್ಕೆ ತಯಾರಾದ ಮಾಲಿನ ಗುರುತು) ಯಾವ ವರ್ಷದ್ದು, ಈ ಅಂಗಡಿ ನಿಮ್ಮ ಅಧಿಕೃತ ಮಾರಾಟಗಾರರೇ. ಕಡೆಯ ಪ್ರಶ್ನೆ ನನಗೆ ತುಂಬ ಇಷ್ಟ. ಫೋಟೋ ನೋಡಿ ಅಸಲಿ, ನಕಲಿ ಹೇಳಲು ಹೆಚ್ಚಿನ ಕಂಪನಿಗಳು ಒಪ್ಪುವುದಿಲ್ಲ. ಅಂಗಡಿ ನಮ್ಮದು, ಅಲ್ಲ ಅಂತ ಹೇಳಲು ಅವರಿಗೆ ಅಡ್ಡಿಯಿಲ್ಲ. ಕೊಳ್ಳುವ ಮೊದಲೇ ಕೇಳಿಬಿಟ್ಟರೆ ಅರ್ಧ ತಲೆನೋವು ತಪ್ಪುತ್ತದೆ.

ಬರೆಯುವ ಮೊದಲು ಡಬ್ಬಿ ಓದಿ

ಡಬ್ಬಿಯನ್ನು ತಲೆಕೆಳಗು ಮಾಡಿ, ಕಿಟಕಿ ಹತ್ತಿರ ಹಿಡಿಯಿರಿ. ತಳದಲ್ಲಿ ಬಣ್ಣವಿಲ್ಲದೆ ಒತ್ತಿದ ಅಥವಾ ಚುಕ್ಕೆಚುಕ್ಕೆಯಾಗಿ ಮುದ್ರಿಸಿದ ಚಿಕ್ಕ ನಂಬರ್ ಇರುತ್ತದೆ. ಅದು ಬ್ಯಾಚ್ ಕೋಡ್. ಅದೇ ನಂಬರ್ ಬಾಟಲಿಯ ತಳದಲ್ಲೂ ಇರಬೇಕು, ಎರಡೂ ಹೊಂದಬೇಕು. ಹೊಂದದಿದ್ದರೆ ಮುಂದಿನ ಪ್ರಶ್ನೆ ಕಂಪನಿಗಲ್ಲ, ಅಂಗಡಿಯವನಿಗೆ. ಹೊಂದಿದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ನಕಲಿ ಮಾಡುವವರಿಗೆ ನಂಬರ್ ನಕಲು ಮಾಡುವುದು ಕಷ್ಟವೇನಲ್ಲ. ಬಾರ್‌ಕೋಡನ್ನು ಬ್ಯಾಚ್ ಕೋಡ್ ಅಂದುಕೊಂಡು ಕಳಿಸುವವರು ಬಹಳ ಮಂದಿ. ಬಾರ್‌ಕೋಡ್ ಆ ಮಾದರಿಯ ಎಲ್ಲ ಡಬ್ಬಿಗೂ ಒಂದೇ. ಅದರಿಂದ ವರ್ಷ ಗೊತ್ತಾಗುವುದಿಲ್ಲ.

ಈಗ ಹಿಂದಿನ ಬಿಳಿ ಸ್ಟಿಕರ್ ನೋಡಿ. ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರುವ ವಿದೇಶಿ ಸೆಂಟಿನ ಮೇಲೆ ಅದು ಇರಲೇಬೇಕು. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ ಆಮದು ಮಾಡಿದವರ ಹೆಸರು, ವಿಳಾಸ, ತಯಾರಾದ ದೇಶ, ಅಳತೆ, ಎಂಆರ್‌ಪಿ ಇರಬೇಕು. ದೂರು ಹೇಳಲು ಫೋನ್ ನಂಬರ್, ಇಮೇಲ್ ಕೂಡ ಇರಬೇಕು. ಸೆಂಟು ಕಾಸ್ಮೆಟಿಕ್ ಲೆಕ್ಕಕ್ಕೆ ಬರುವುದರಿಂದ 2020ರ ಕಾಸ್ಮೆಟಿಕ್ಸ್ ನಿಯಮದಂತೆ ಆಮದಿನ ನೋಂದಣಿ ನಂಬರೂ ಬರುತ್ತದೆ. ಆ ಸ್ಟಿಕರ್‌ನ ಫೋನ್ ನಂಬರೇ ನಿಮ್ಮ ಮೊದಲ ಬಾಗಿಲು. ಪ್ಯಾರಿಸ್‌ಗೆ ಬರೆಯುವ ಮೊದಲು ಇಲ್ಲಿಗೆ ಫೋನ್ ಮಾಡಿ. ಎಷ್ಟೋ ಸಲ ಆ ಆಮದುದಾರರ ಕಚೇರಿ ಅಂಧೇರಿಯಲ್ಲೋ ಭಿವಂಡಿಯಲ್ಲೋ ಇರುತ್ತದೆ. ಹಿಂದಿಯಲ್ಲೇ ಮಾತಾಡಿ ಮುಗಿಸಬಹುದು. ಬ್ಯಾಚ್ ನಂಬರ್ ಓದಿ ಹೇಳಿ, "ಈ ಮಾಲು ನೀವು ತರಿಸಿದ್ದಾ?" ಅಂತ ಕೇಳಿ.

ಮಾವ ತಂದ ಬಾಟಲಿಯಲ್ಲಿ ಈ ಸ್ಟಿಕರ್ ಇರುವುದಿಲ್ಲ. ಗಾಬರಿ ಬೇಡ. ಅಲ್ಲಿ ಮಾರಿದ್ದಕ್ಕೆ ಅಲ್ಲಿನ ಸ್ಟಿಕರ್. ಆದರೆ ಮುಂಬೈಯ ಅಂಗಡಿಯವನು "ಕಂಪನಿ ಮಾಲು, ಬಿಲ್ ಸಮೇತ" ಅಂತ ಮಾರುವ ಡಬ್ಬಿಯ ಮೇಲೆ ಸ್ಟಿಕರ್ ಇಲ್ಲದಿದ್ದರೆ ಅನುಮಾನಪಡಲು ಕಾರಣವಿದೆ.

ಬಾಗಿಲು ಯಾವುದು

ಹೆಚ್ಚಿನವರ ಪತ್ರ ದಾರಿ ತಪ್ಪುವುದು ಇಲ್ಲಿ. ಎಷ್ಟೋ ಸಲ ಬಾಟಲಿಯ ಮೇಲಿನ ಹೆಸರಿನವರು ಸೆಂಟು ಮಾಡುವುದಿಲ್ಲ, ಹೆಸರು ಬಳಸಲು ಬೇರೆ ಕಂಪನಿಗೆ ಲೈಸೆನ್ಸ್ ಕೊಟ್ಟಿರುತ್ತಾರೆ. ಮಾಂಟ್‌ಬ್ಲಾಂ ಅಂದರೆ ಪೆನ್ನು. ಅದರ ಹೆಸರಿನ ಸೆಂಟು ಮಾಡುವುದು ಪ್ಯಾರಿಸ್‌ನ ಇಂಟರ್‌ಪರ್ಫ್ಯೂಮ್ಸ್. ಕ್ಯಾಲ್ವಿನ್ ಕ್ಲೈನ್, ಹ್ಯೂಗೋ ಬಾಸ್, ಡೇವಿಡಾಫ್ ಸೆಂಟುಗಳು ಕೋಟಿ (Coty) ಎಂಬ ಕಂಪನಿಯವು. ಇವ್ ಸೇಂಟ್ ಲಾರೆಂಟ್, ಅರ್ಮಾನಿ ಸೆಂಟುಗಳ ಹಿಂದೆ ಇರುವುದು ಲೋರಿಯಲ್. ಪೆನ್ನಿನ ಅಂಗಡಿಗೆ ಸೆಂಟಿನ ಬ್ಯಾಚ್ ಕೇಳಿದರೆ ಅವರು ತಾನೇ ಏನು ಹೇಳಿಯಾರು?

ಲೈಸೆನ್ಸ್ ಕೈ ಬದಲಾಗುತ್ತಲೂ ಇರುತ್ತದೆ. ಹ್ಯೂಗೋ ಬಾಸ್ ಸೆಂಟು 2016ರವರೆಗೆ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕೈಯಲ್ಲಿತ್ತು, ಆಮೇಲೆ ಕೋಟಿಗೆ ಹೋಯಿತು. ಬರ್ಬೆರಿಯನ್ನು ಮೊದಲು ಇಂಟರ್‌ಪರ್ಫ್ಯೂಮ್ಸ್ ಮಾಡುತ್ತಿತ್ತು. 2013ರಲ್ಲಿ ಬರ್ಬೆರಿ ತಾನೇ ತೆಗೆದುಕೊಂಡಿತು. 2017ರಲ್ಲಿ ಅದೂ ಕೋಟಿ ಪಾಲಾಯಿತು. ಅಂದರೆ ಒಂದೇ ಸೆಂಟಿನ ಎರಡು ಡಬ್ಬಿಯಲ್ಲಿ ಎರಡು ತಯಾರಕರ ಹೆಸರಿದ್ದರೆ ಒಂದು ನಕಲಿ ಅಂತ ತೀರ್ಮಾನಿಸಬೇಡಿ. ಕಾಲ ಬೇರೆ, ಅಷ್ಟೇ. ಹಳೆಯ ಬಾಟಲಿಯ ವಯಸ್ಸು ಅಂದಾಜು ಮಾಡಲು ಇದಕ್ಕಿಂತ ಗಟ್ಟಿ ಸಾಕ್ಷಿ ಕಡಿಮೆ. ಹಾಗಾಗಿ ಡಬ್ಬಿಯ ತಳದಲ್ಲಿ ಸಣ್ಣ ಅಕ್ಷರದಲ್ಲಿರುವ ಕಂಪನಿಯ ಹೆಸರನ್ನೇ ಹಿಡಿದು ಹೋಗಿ. ಯುರೋಪಿನಲ್ಲಿ ಮಾರುವ ಡಬ್ಬಿಯಲ್ಲಿ ಜವಾಬ್ದಾರರ ಹೆಸರು, ವಿಳಾಸ ಕಡ್ಡಾಯ.

ಚಿಕ್ಕ ಬ್ರ್ಯಾಂಡ್‌ಗಳ ವಿಷಯ ಬೇರೆ. ಅಲ್ಲಿ ಇಮೇಲ್ ಓದುವವರು ಮಾಲೀಕರೇ ಆಗಿರಬಹುದು. ನಮ್ಮ ಊರಿನದೇ ಬಾಂಬೆ ಪರ್ಫ್ಯೂಮರಿಯಂಥ ಕಡೆ ಕೇಳುವುದು ಸುಲಭ.

ಪತ್ರ ಬರೆಯುವುದು

ಹೆಸರು ಪೂರ್ತಿ ಬರೆಯಿರಿ. ಡಿಯೋರ್‌ನ "ಓ ಸೊವಾಜ್" ಬಂದದ್ದು 1966ರಲ್ಲಿ, ಮಾಡಿದವರು ಎದ್ಮೋಂ ರುದ್ನಿಟ್ಸ್ಕಾ. "ಸೊವಾಜ್" ಬಂದದ್ದು 2015ರಲ್ಲಿ, ಮಾಡಿದವರು ಫ್ರಾಂಸ್ವಾ ದೆಮಾಶಿ. ಒಂದು "ಓ" ಬಿಟ್ಟರೆ ಅರ್ಧ ಶತಮಾನ ಆಚೀಚೆ ಆಗುತ್ತದೆ. ಓ ದ ಟಾಯ್ಲೆಟ್, ಓ ದ ಪರ್ಫಮ್, ಎಕ್ಸ್‌ಟ್ರೇ ಎಂಬ ಗಾಢತೆಯ ಹೆಸರುಗಳೂ ಹಾಗೆಯೇ. ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಸೆಂಟುಗಳು ಇರುತ್ತವೆ, ಬರೀ ಗಾಢತೆಯ ವ್ಯತ್ಯಾಸ ಅಲ್ಲ.

ಪತ್ರ ಇಂಗ್ಲಿಷಿನಲ್ಲಿ ಇರಲಿ. ಫ್ರಾನ್ಸಿನ ಚಿಕ್ಕ ಕಂಪನಿಯಾದರೆ ಕೆಳಗೆ ಫ್ರೆಂಚಿನಲ್ಲೂ ಹಾಕಿ. ಫೋನಿನ ಅನುವಾದ ಸಾಕು. ಇಷ್ಟು ಬರೆದರೆ ಆಯಿತು:

"ನಮಸ್ಕಾರ. ನಾನು ಮುಂಬೈಯಿಂದ ಬರೆಯುತ್ತಿದ್ದೇನೆ. ನನ್ನ ಬಳಿ ನಿಮ್ಮ ಇಂಥ ಸೆಂಟಿನ 100 ಮಿಲಿ ಓ ದ ಟಾಯ್ಲೆಟ್ ಇದೆ. ಬ್ಯಾಚ್ ಕೋಡ್ ಇಂಥದ್ದು. ಡಬ್ಬಿಯ ತಳದ, ಬಾಟಲಿಯ ತಳದ ಫೋಟೋ ಲಗತ್ತಿಸಿದ್ದೇನೆ. ಎರಡು ಪ್ರಶ್ನೆ ಇವೆ. 1. ಈ ಬ್ಯಾಚ್ ಯಾವ ವರ್ಷ ತಯಾರಾಯಿತು? 2. ಈ ಸೆಂಟಿನ ಪರ್ಫ್ಯೂಮರ್ ಎಂದು ನಿಮ್ಮ ಕಂಪನಿ ಅಧಿಕೃತವಾಗಿ ಯಾರನ್ನು ಹೆಸರಿಸುತ್ತದೆ? ಇದು ನನ್ನ ಸಂಗ್ರಹದ ದಾಖಲೆಗೆ. ಈ ಪ್ರಶ್ನೆ ಬೇರೆ ವಿಭಾಗಕ್ಕೆ ಸೇರಿದ್ದಾದರೆ ದಯವಿಟ್ಟು ಅಲ್ಲಿಗೆ ಕಳಿಸಿ."

ಎರಡಕ್ಕಿಂತ ಜಾಸ್ತಿ ಪ್ರಶ್ನೆ ಬೇಡ. ಐದು ಕೇಳಿದರೆ ಸುಲಭದ ಒಂದಕ್ಕೆ ಉತ್ತರಿಸಿ ಉಳಿದದ್ದನ್ನು ನುಂಗುತ್ತಾರೆ. "ಅಧಿಕೃತವಾಗಿ ಯಾರನ್ನು ಹೆಸರಿಸುತ್ತದೆ" ಎಂಬ ಮಾತನ್ನು ಬೇಕೆಂದೇ ಹಾಕಿದ್ದೇನೆ. "ಯಾರು ಮಾಡಿದ್ದು?" ಅಂದರೆ ಕಸ್ಟಮರ್ ಕೇರ್‌ನಲ್ಲಿ ಕುಳಿತವರಿಗೆ ಹೆದರಿಕೆ. ಹೊರಗೆ ಈಗಾಗಲೇ ಹೇಳಿರುವುದನ್ನು ತಿರುಗಿ ಹೇಳಲು ಹೆದರಿಕೆ ಇಲ್ಲ. ಮಾರಾಟಕ್ಕೋಸ್ಕರ ಕೇಳುತ್ತಿದ್ದರೆ ಹಾಗಂತಲೇ ಬರೆಯಿರಿ. ಸಂಗ್ರಹ ಅಂತ ಸುಳ್ಳು ಹೇಳಿ ಉತ್ತರ ಪಡೆದು, ಆಮೇಲೆ ಅದನ್ನೇ ಗಿರಾಕಿಗೆ ತೋರಿಸುವುದು ಸರಿಯಲ್ಲ.

ಬಾಟಲಿಯನ್ನೇ ಕೊರಿಯರ್ ಮಾಡಲು ಹೋಗಬೇಡಿ. ಸೆಂಟಿನಲ್ಲಿ ಆಲ್ಕೋಹಾಲ್ ಇರುವುದರಿಂದ ಅದು ಬೆಂಕಿ ಹೊತ್ತುವ ಸರಕು. ಸಾಗಾಟದ ಪಟ್ಟಿಯಲ್ಲಿ ಅದಕ್ಕೆ ಯುಎನ್ 1266 ಅಂತ ಪ್ರತ್ಯೇಕ ನಂಬರೇ ಇದೆ. ಫೋಟೋ ಸಾಕು. ಬಿಲ್ಲಿನ ಫೋಟೋ ಕಳಿಸುವಾಗ ಫೋನ್ ನಂಬರ್, ಕಾರ್ಡಿನ ಅಂಕಿ ಮುಚ್ಚಿ.

ಸಮಯವನ್ನೂ ನೋಡಿ. ಆಗಸ್ಟ್‌ನಲ್ಲಿ ಫ್ರಾನ್ಸಿಗೆ ಬರೆದು ಉತ್ತರ ಕಾಯಬೇಡಿ, ಅರ್ಧ ದೇಶ ರಜೆಯಲ್ಲಿರುತ್ತದೆ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಮಾರಾಟದ ಗಡಿಬಿಡಿ. ಫೋನ್ ಮಾಡುವುದಾದರೆ ಪ್ಯಾರಿಸ್ ನಮಗಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಇಲ್ಲಿ ಮಧ್ಯಾಹ್ನದ ಊಟ ಮುಗಿಸಿ ಮಾಡಿದರೆ ಅಲ್ಲಿ ಆಗಷ್ಟೇ ಕಚೇರಿ ತೆರೆದಿರುತ್ತದೆ. ಎರಡು ವಾರ ಕಳೆದರೂ ಸುದ್ದಿಯಿಲ್ಲದಿದ್ದರೆ ಅದೇ ಇಮೇಲ್‌ಗೆ ಒಂದು ಸಾಲು ಸೇರಿಸಿ ಮತ್ತೆ ಕಳಿಸಿ. ಹೊಸ ಪತ್ರ ಬೇಡ. ಹಳೆಯದರ ಕೇಸ್ ನಂಬರ್ ತಪ್ಪಿಹೋಗುತ್ತದೆ.

ಉತ್ತರವನ್ನು ಓದುವುದು

ಉತ್ತರ ಬಂತು ಅಂದಾಕ್ಷಣ ಮುಗಿಯಲಿಲ್ಲ. ಅದರಲ್ಲಿ ಏನು ಹೇಳಿಲ್ಲ ಅಂತಲೂ ನೋಡಬೇಕು.

ಫಾರ್ಮುಲಾ ಬದಲಾಗಿದೆಯೇ ಅಂತ ಕೇಳಿದಾಗ ಹೆಚ್ಚಾಗಿ ಬರುವ ಉತ್ತರದ ಧಾಟಿ ಹೀಗಿರುತ್ತದೆ: "ನಮ್ಮ ಸುಗಂಧಗಳು ಚಾಲ್ತಿಯಲ್ಲಿರುವ ನಿಯಮಗಳಿಗೆ ಹೊಂದಿಕೊಂಡಿವೆ, ಮೂಲ ಸ್ವಭಾವವನ್ನು ಉಳಿಸಿಕೊಂಡಿದ್ದೇವೆ." ಇದರಲ್ಲಿ "ಬದಲಾಗಿಲ್ಲ" ಎಂಬ ಮಾತು ಎಲ್ಲೂ ಇಲ್ಲ. ನನ್ನ ಪ್ರಕಾರ ಇದನ್ನು "ಬದಲಾಗಿದೆ, ಆದರೆ ಬರೆದುಕೊಡುವುದಿಲ್ಲ" ಅಂತ ಓದಬೇಕು. ಬದಲಾಗಲು ಕಾರಣವೂ ಇದೆ. ಲಿಲಿ ಹೂವಿನ ವಾಸನೆಗೆ ತುಂಬ ಬಳಕೆಯಲ್ಲಿದ್ದ ಲಿಲಿಯಲ್ ಎಂಬ ರಾಸಾಯನಿಕವನ್ನು ಯುರೋಪಿನ ಒಕ್ಕೂಟ 2022ರ ಮಾರ್ಚ್ 1ರಿಂದ ನಿಷೇಧಿಸಿತು. ಅದೇ ಬಳಗದ ಲೈರಲ್ ಅದಕ್ಕಿಂತ ಮೊದಲೇ ಹೋಗಿತ್ತು. ಓಕ್‌ಮಾಸ್ ಎಂಬ ಕಲ್ಲುಹೂವಿನ ಜಾತಿಯ ಸಾಮಗ್ರಿಗೆ ಮಿತಿ ಇದೆ. ಇಂಥ ಮಿತಿಗಳನ್ನು ಹಾಕುವ ಇಫ್ರಾ ಎಂಬ ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘ 1973ರಿಂದ ಇದೆ. ಅದರ ಪಟ್ಟಿಗಳು ಎಲ್ಲರಿಗೂ ತೆರೆದಿವೆ.

ಇದನ್ನೇ ಪ್ರಶ್ನೆಯಾಗಿ ತಿರುಗಿಸಿ. "ಫಾರ್ಮುಲಾ ಬದಲಾಯಿತೇ?" ಅನ್ನುವ ಬದಲು "2022ರ ನಂತರದ ಬ್ಯಾಚ್‌ಗಳಲ್ಲಿ ಲಿಲಿಯಲ್ ಇಲ್ಲ ಎಂದು ತಿಳಿಯಬಹುದೇ?" ಅಂತ ಕೇಳಿ. ಇದಕ್ಕೆ ಹೌದು ಅನ್ನುವುದು ಅವರಿಗೆ ಹೆಮ್ಮೆಯ ವಿಷಯ, ಹಾಗಾಗಿ ಹೇಳಿಬಿಡುತ್ತಾರೆ. ನಿಮ್ಮ ಹಳೆಯ ಡಬ್ಬಿಯ ಪಟ್ಟಿಯಲ್ಲಿ "ಬ್ಯುಟೈಲ್‌ಫೀನೈಲ್ ಮೀಥೈಲ್‌ಪ್ರೊಪಿಯೊನಲ್" ಅಂತ ಇದ್ದರೆ, ಅದೇ ಲಿಲಿಯಲ್. ಹಳೆಯದರಲ್ಲಿ ಇದೆ, ಹೊಸದರಲ್ಲಿ ಇಲ್ಲ. ಬದಲಾಗಿರುವುದು ಕಂಪನಿಯ ಬಾಯಿಂದ ಬರದೆಯೇ ಸಾಬೀತಾಯಿತು ಅಲ್ವಾ?

ಇನ್ನೊಂದು. ಕಸ್ಟಮರ್ ಕೇರ್‌ನವರು ಕೆಲವೊಮ್ಮೆ ತಮ್ಮ ಕಡತ ನೋಡುವ ಬದಲು ಇಂಟರ್ನೆಟ್ ನೋಡಿಯೇ ಉತ್ತರಿಸುವುದುಂಟು. ನೀವು ಅನುಮಾನಿಸಿದ ಮಾಹಿತಿಯೇ ಅಕ್ಷರಕ್ಕೆ ಅಕ್ಷರ ತಿರುಗಿ ಬಂದರೆ, "ಇದು ನಿಮ್ಮ ಆರ್ಕೈವ್‌ನಿಂದಲೇ ಬಂದದ್ದೇ?" ಅಂತ ಇನ್ನೊಂದು ಸಾಲು ಕೇಳಿ.

ಪರ್ಫ್ಯೂಮರನ್ನೇ ಕೇಳುವುದು

ಬಹಳ ಸೆಂಟುಗಳನ್ನು ಮಾಡುವುದು ಬ್ರ್ಯಾಂಡಿನವರಲ್ಲ. ಜಿವೊಡಾನ್, ಡಿಎಸ್‌ಎಂ-ಫಿರ್ಮೆನಿಕ್, ಐಎಫ್‌ಎಫ್, ಸಿಮ್ರೈಸ್, ಮಾನ್‌ನಂಥ ದೊಡ್ಡ ಸುಗಂಧ ಕಂಪನಿಗಳಲ್ಲಿ ಸಂಬಳಕ್ಕಿರುವ ಪರ್ಫ್ಯೂಮರ್‌ಗಳು. ಗುಟ್ಟು ಕಾಯುವ ಕರಾರಿಗೆ ಅವರು ಸಹಿ ಹಾಕಿರುತ್ತಾರೆ. ಒಂದು ಸೆಂಟಿಗೆ ಇಬ್ಬರೋ ಮೂವರೋ ಕೂಡಿ ದುಡಿದಿರುವುದೂ ಇದೆ. 1994ರ ಸಿಕೆ ಒನ್‌ಗೆ ಆಲ್ಬರ್ಟೊ ಮೊರಿಯಾಸ್ ಮತ್ತು ಹ್ಯಾರಿ ಫ್ರೆಮಾಂಟ್ ಇಬ್ಬರ ಹೆಸರೂ ಇದೆ. ಹಿಂದೆಲ್ಲ ಪರ್ಫ್ಯೂಮರ್ ಹೆಸರು ಹೊರಗೆ ಬರುತ್ತಿದ್ದದ್ದು ಕಡಿಮೆ. ಫ್ರೆಡೆರಿಕ್ ಮಾಲ್ 2000ದಲ್ಲಿ ತನ್ನದೇ ಹೆಸರಿನ ಬ್ರ್ಯಾಂಡಿನ ಬಾಟಲಿಗಳ ಮೇಲೆ ಅವರ ಹೆಸರು ಅಚ್ಚು ಹಾಕಿಸಿದ್ದು ಆಗ ದೊಡ್ಡ ಸುದ್ದಿ.

ಕೆಲವು ಬ್ರ್ಯಾಂಡ್‌ಗಳಲ್ಲಿ ಸ್ವಂತ ಪರ್ಫ್ಯೂಮರ್ ಇರುತ್ತಾರೆ. ಶನೆಲ್‌ನಲ್ಲಿ ಝಾಕ್ ಪೋಲ್ಜ್, ಆಮೇಲೆ ಅವರ ಮಗ ಒಲಿವಿಯೆ ಪೋಲ್ಜ್. ಹರ್ಮೆಸ್‌ನಲ್ಲಿ 2004ರಿಂದ ಝಾಂ-ಕ್ಲೋದ್ ಎಲೆನಾ, ಅವರ ನಂತರ ಕ್ರಿಸ್ಟೀನ್ ನಾಜೆಲ್. ಡಿಯೋರ್‌ಗೆ 2021ರಲ್ಲಿ ಫ್ರಾನ್ಸಿಸ್ ಕುರ್ಕ್‌ಜಿಯಾನ್ ಬಂದರು. ಈ ವರ್ಷಗಳು ಗೊತ್ತಿದ್ದರೆ ಅರ್ಧ ಪರಿಶೀಲನೆ ಮನೆಯಲ್ಲೇ ಆಗುತ್ತದೆ. 2010ರ ಡಿಯೋರ್ ಸೆಂಟನ್ನು ಅಲ್ಲಿನ ಸ್ವಂತ ಪರ್ಫ್ಯೂಮರ್ ಆಗಿ ಕುರ್ಕ್‌ಜಿಯಾನ್ ಮಾಡಿದರು ಅಂತ ಯಾರಾದರೂ ಬರೆದರೆ ಅಲ್ಲೇ ನಿಲ್ಲಿ.

ಪರ್ಫ್ಯೂಮರ್‌ಗಳು ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್‌ನಲ್ಲಿ ಸಿಗುತ್ತಾರೆ. ಎರಡೇ ಸಾಲು ಬರೆಯಿರಿ. "ಈ ಸೆಂಟು ನಿಮ್ಮದು ಅಂತ ಹಲವು ಕಡೆ ಇದೆ, ಸರಿಯೇ?" ಸಾಕು. ಸಾಮಗ್ರಿ ಕೇಳಬೇಡಿ, ಬೇರೆ ಪರ್ಫ್ಯೂಮರ್‌ನ ಸೆಂಟಿನ ಬಗ್ಗೆ ಅಭಿಪ್ರಾಯ ಕೇಳಬೇಡಿ. ಮೌನವಾದರೆ ಬಿಡಿ. ಒಬ್ಬ ಮನುಷ್ಯನ ಖಾಸಗಿ ಇನ್‌ಬಾಕ್ಸ್‌ಗೆ ದಿನವೂ ಬಡಿಯುವುದು ಪರಿಶೀಲನೆಯಲ್ಲ, ಕಾಟ. ಅವರು ಖಾಸಗಿಯಾಗಿ ಹೇಳಿದ್ದನ್ನು ಕೇಳದೆ ಹೊರಗೆ ಹಾಕಲೂಬೇಡಿ. ಕರಾರು ಮುರಿದ ತಪ್ಪು ಅವರ ತಲೆಗೆ ಬರುತ್ತದೆ.

ಅತ್ತರು, ಗಂಧದೆಣ್ಣೆ: ಇಲ್ಲಿ ನಡೆದೇ ಹೋಗಿ ಕೇಳಿ

ಮೊಹಮ್ಮದ್ ಅಲಿ ರೋಡಿನ ಅತ್ತರಿನ ಅಂಗಡಿಯಲ್ಲಿ ಇಮೇಲ್ ನಡೆಯುವುದಿಲ್ಲ. ಸಂಜೆಯ ಜನಜಂಗುಳಿಗೆ ಮೊದಲು, ಬೆಳಿಗ್ಗೆ ಹನ್ನೊಂದರ ನಂತರ ಹೋಗಿ ಕೂತು ಮಾತಾಡಿ. ಮಾಲೀಕರು ಭಟ್ಕಳ ಕಡೆಯವರು ಸಿಕ್ಕರೆ ನಿಮ್ಮ ಅದೃಷ್ಟ, ಕನ್ನಡದಲ್ಲೇ ಮಾತು. ಕೇಳಬೇಕಾದ ಮೊದಲ ಪ್ರಶ್ನೆ "ಅಸಲಿಯಾ?" ಅಲ್ಲ, "ಬೇಸ್ ಯಾವುದು?" ಎಂಬುದು. ಸಾಂಪ್ರದಾಯಿಕ ಅತ್ತರಿನಲ್ಲಿ ಹೂವಿನ ಆವಿಯನ್ನು ಗಂಧದೆಣ್ಣೆಗೆ ಇಳಿಸುತ್ತಾರೆ. ಗಂಧ ದುಬಾರಿಯಾದ ಮೇಲೆ ಲಿಕ್ವಿಡ್ ಪ್ಯಾರಾಫಿನ್‌ನಂಥ ವಾಸನೆಯಿಲ್ಲದ ಎಣ್ಣೆಗಳು ಬಂದಿವೆ. ಒಳ್ಳೆಯ ವ್ಯಾಪಾರಿ ಇದನ್ನು ಮುಚ್ಚಿಡುವುದಿಲ್ಲ. ಅಗ್ಗದ್ದರ ಬೇಸ್ ಬೇರೆ, ದುಬಾರಿಯದರ ಬೇಸ್ ಬೇರೆ ಅಂತ ತಾನೇ ಎರಡೂ ತೋರಿಸುತ್ತಾನೆ. "ಎಲ್ಲ ಪ್ಯೂರ್, ಎಲ್ಲ ನ್ಯಾಚುರಲ್" ಅನ್ನುವವನ ಹತ್ತಿರ ಸುಮ್ನೆ ನಮಸ್ಕಾರ ಹೇಳಿ ಬನ್ನಿ.

ಗಂಧದೆಣ್ಣೆಗೆ ಇದಕ್ಕಿಂತ ಗಟ್ಟಿ ಪ್ರಶ್ನೆ ಇದೆ. ಮರದ ಜಾತಿ ಯಾವುದು ಅಂತ ಕೇಳಿ. ನಮ್ಮ ಮೈಸೂರಿನ ಗಂಧ ಸ್ಯಾಂಟಲಮ್ ಆಲ್ಬಮ್. ಆಸ್ಟ್ರೇಲಿಯಾದ ಸ್ಯಾಂಟಲಮ್ ಸ್ಪಿಕೇಟಮ್ ಕೂಡ ಗಂಧವೇ, ಆದರೆ ಬೇರೆ ಎಣ್ಣೆ, ಬೇರೆ ಬೆಲೆ. ಆಮೇಲೆ ಆ ಬ್ಯಾಚಿನ ಲ್ಯಾಬ್ ವರದಿ ಕೇಳಿ. ಐಎಸ್‌ಒ 3518 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಆಲ್ಬಮ್ ಎಣ್ಣೆಯಲ್ಲಿ ಗಂಧದ ಮುಖ್ಯ ಅಂಶಗಳಾದ ಆಲ್ಫಾ ಸ್ಯಾಂಟಲಾಲ್ 41ರಿಂದ 55 ಪರ್ಸೆಂಟ್, ಬೀಟಾ ಸ್ಯಾಂಟಲಾಲ್ 16ರಿಂದ 24 ಪರ್ಸೆಂಟ್ ಇರಬೇಕು. ಸ್ಪಿಕೇಟಮ್‌ನಲ್ಲಿ ಆಲ್ಫಾ ಇದಕ್ಕಿಂತ ತುಂಬ ಕಡಿಮೆ. ವರದಿಯ ಮೇಲಿನ ಬ್ಯಾಚ್ ನಂಬರ್ ಬಾಟಲಿಯದಕ್ಕೆ ಹೊಂದುತ್ತದೆಯೇ ನೋಡಿ. ಒಂದೇ ಹಳೆಯ ವರದಿಯನ್ನು ವರ್ಷಗಟ್ಟಲೆ ಎಲ್ಲರಿಗೂ ತೋರಿಸುವುದು ಹಳೆಯ ಆಟ. ಹೋಲಿಸಿ ನೋಡಲು ಕರ್ನಾಟಕ ಸೋಪ್ಸ್‌ನ ಚಿಕ್ಕ ಗಂಧದೆಣ್ಣೆ ಬಾಟಲಿ ಮನೆಯಲ್ಲಿದ್ದರೆ ಒಳ್ಳೆಯದು.

ಪರೀಕ್ಷೆ ಮಾಡಿಸಲೇಬೇಕಾದರೆ ಕನೌಜಿನಲ್ಲಿ ಸರ್ಕಾರದ ಸುಗಂಧ ಕೇಂದ್ರ ಇದೆ. ಅಲ್ಲಿ ಎಣ್ಣೆಗಳ ಪರೀಕ್ಷೆಗೆ ಲ್ಯಾಬ್ ಇದೆ. ಸಾವಿರ ರೂಪಾಯಿಯ ಅತ್ತರಿಗೆ ಇದು ಅತಿಯಾಯಿತು. ಮದುವೆಗೋ ಪೂಜೆಗೋ ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರಿಗೆ ಸರಿ. ಬರೀ ಪದಗಳ, ಪದ್ಧತಿಗಳ ಬಗ್ಗೆ ತಿಳಿಯಬೇಕಾದರೆ ಅಷ್ಟು ದೂರ ಬೇಡ. ಮುಲುಂಡ್‌ನ ವಝೆ ಕಾಲೇಜಿನಲ್ಲಿ ಪರ್ಫ್ಯೂಮರಿ ಕೋರ್ಸೇ ಇದೆ. ಅಲ್ಲಿನವರಿಗೆ ಮರ್ಯಾದೆಯಿಂದ ಬರೆದು ನೋಡಬಹುದು.

ಬಾಗಿಲು ತೆರೆಯದಿದ್ದರೆ

ವರ್ಷ ಖಚಿತ ಮಾಡಲು ಟ್ರೇಡ್‌ಮಾರ್ಕ್ ದಾಖಲೆ ನೋಡಿ. ಸೆಂಟಿನ ಹೆಸರುಗಳು ಕಾಸ್ಮೆಟಿಕ್‌ಗಳ ವರ್ಗವಾದ ಕ್ಲಾಸ್ 3ರಲ್ಲಿ ನೋಂದಣಿಯಾಗುತ್ತವೆ. ಭಾರತದ ದಾಖಲೆಯೂ ವೈಪೋ ಎಂಬ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಜಾಗತಿಕ ದಾಖಲೆಯೂ ಉಚಿತ. ಅರ್ಜಿ ಹಾಕಿದ ದಿನವೇ ಸೆಂಟು ಬಂದ ದಿನ ಅಲ್ಲ. ಸಾಮಾನ್ಯವಾಗಿ ಅರ್ಜಿ ಮೊದಲು, ಬಾಟಲಿ ಆಮೇಲೆ. ಹೊಸ ಸೆಂಟುಗಳಿಗೆ, ಹಳೆಯ ವೆಬ್ ಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷಿನ್‌ನಲ್ಲಿ ಕಂಪನಿಯ ಹಳೆಯ ಪುಟ ತೆಗೆದು, ಹೆಸರು ಮೊದಲು ಕಾಣಿಸಿಕೊಂಡ ತಿಂಗಳು ನೋಡಬಹುದು. ತೀರ ಹಳೆಯ, ನಿಂತುಹೋದ ಸೆಂಟಿನ ವಿಷಯವಾದರೆ ವರ್ಸೇಲ್ಸ್‌ನ ಓಸ್ಮೊತೆಕ್‌ಗೆ ಬರೆಯಿರಿ. 1990ರಲ್ಲಿ ತೆರೆದ ಆ ಸಂಗ್ರಹಾಲಯ ಕಣ್ಮರೆಯಾದ ಸೆಂಟುಗಳನ್ನೂ ಕಾಪಾಡುತ್ತದೆ. ಅವರು ಕಡಿಮೆ ಜನ, ಉತ್ತರ ತಡವಾಗುತ್ತದೆ.

ಸಿಕ್ಕ ಉತ್ತರವನ್ನೆಲ್ಲ ದಿನಾಂಕ, ಬ್ಯಾಚ್ ನಂಬರ್, ಉತ್ತರಿಸಿದ ವಿಭಾಗದ ಹೆಸರಿನ ಜೊತೆ ಒಂದೇ ಕಡೆ ಇಡಿ. ಸ್ಕ್ರೀನ್‌ಶಾಟ್ ಸಾಲದು, ಇಮೇಲನ್ನೇ ಉಳಿಸಿ. ಅಂಗಡಿಯವನು ನಕಲಿ ಮಾರಿದ್ದಾನೆ ಅಂತ ಖಚಿತವಾದರೆ ಇದೇ ಕಡತ ಕೈ ಹಿಡಿಯುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವಾಗ ಬಿಲ್ಲು ಮತ್ತು "ಈ ಅಂಗಡಿ ನಮ್ಮ ಅಧಿಕೃತ ಮಾರಾಟಗಾರರಲ್ಲ" ಎಂಬ ಕಂಪನಿಯ ಆ ಒಂದು ಸಾಲು ಎರಡೂ ಎದುರಿಗಿರಲಿ.